ನೀರಿನಡಿಯ ಒಲೆಯಲ್ಲಿ ಹೊಗೆ!

ಫೋಟೊದಲ್ಲಿ ಒಬ್ಬ ಹೆಂಗಸು ಒಲೆಯ ಮುಂದೆ ನಿಂತು ಮಾಂಸ ಸುಡುತ್ತಿದ್ದಾಳೆ. ಹೊಗೆ ಸುರುಳಿ ಸುರುಳಿಯಾಗಿ ಮೇಲೇಳುತ್ತಿದೆ. ಇದರಲ್ಲೇನು ವಿಶೇಷ ಎನ್ನುವಷ್ಟರಲ್ಲಿ ಥಟ್ಟನೆ ಹೊಳೆಯುತ್ತದೆ: ಒಲೆ, ಹೆಂಗಸು, ಹೊಗೆ ಎಲ್ಲವೂ ಇರುವುದು ನೀರಿನೊಳಗೆ!

ಈ ಮಾಯೆಯ ಒಡೆಯ ಛಾಯಾಗ್ರಾಹಕ ಬ್ರೂಸ್ ಮೊಝರ್ಟ್. 1938ರಲ್ಲಿ ಅಮೆರಿಕದ ಫ್ಲಾರಿಡಾದ ಸಿಲ್ವರ್ ಸ್ಪ್ರಿಂಗ್ಸ್‌ನಲ್ಲಿ ಟಾರ್ಜಾನ್ ಸಿನಿಮಾದ ಚಿತ್ರೀಕರಣ ನಡೆಯುತ್ತಿದೆ ಎಂದು ಕೇಳಿ ಅಲ್ಲಿಗೆ ಹೋದವರು, ಕ್ಯಾಮೆರಾಕ್ಕೆ ನೀರು ನುಗ್ಗದ ಪೆಟ್ಟಿಗೆಯನ್ನು ತಾವೇ ಕಟ್ಟಿಕೊಂಡು ಬುಗ್ಗೆಗಿಳಿದರು. ಮುಂದೆ ದಶಕಗಳ ಕಾಲ ಅದೇ ಅವರ ಸ್ಟುಡಿಯೊ! ಸುಣ್ಣಕಲ್ಲಿನ ಪದರಗಳಲ್ಲಿ ಸೋಸಿ ಬರುವ ಆ ನೀರು ಸ್ಫಟಿಕದಷ್ಟು ತಿಳಿ. ವರ್ಷವಿಡೀ ಸುಮಾರು 22 ಡಿಗ್ರಿ ಸೆಲ್ಸಿಯಸ್.

ಹಾಗಾದರೆ ಹೊಗೆ? ಅದು ಹಾಲು! ಒಲೆಯೊಳಗೆ ಅಡಗಿಸಿಟ್ಟ ಗಟ್ಟಿಹಾಲಿನ ಡಬ್ಬಿಯಿಂದ ಹಾಲು ಎಳೆಎಳೆಯಾಗಿ ಹೊರಡುತ್ತದೆ. ಅದರ ಕೊಬ್ಬು ನೀರಿಗಿಂತ ಹಗುರ, ಹಾಗಾಗಿ ಮೇಲೇರುತ್ತದೆ. ಶಾಂಪೇನಿನ ಗುಳ್ಳೆಗಳಿಗೆ ಅವರು ಬಳಸಿದ್ದು ಹೊಟ್ಟೆ ಕೆಟ್ಟಾಗ ನೀರಿಗೆ ಹಾಕಿ ಕುಡಿಯುವ ಅಲ್ಕಾ-ಸೆಲ್ಟ್ಜರ್ ಮಾತ್ರೆ. ಇಷ್ಟೆಲ್ಲದರ ನಡುವೆ ರೂಪದರ್ಶಿಯರು ಉಸಿರು ಬಿಗಿಹಿಡಿದು, ಕಣ್ಣು ತೆರೆದು ನಗುತ್ತಿದ್ದರು!

ಅದೇ ಫ್ಲಾರಿಡಾದ ವೀಕಿ ವಾಚಿ ಬುಗ್ಗೆಯಲ್ಲಿ 1947ರಲ್ಲಿ ನ್ಯೂಟನ್ ಪೆರಿ ಮತ್ಸ್ಯಕನ್ಯೆಯರ ಪ್ರದರ್ಶನ ಆರಂಭಿಸಿದರು. ಕೊಳವೆಯಿಂದ ಗಾಳಿ ಹೀರುತ್ತ ಯುವತಿಯರು ನೀರಲ್ಲಿ ಕುಣಿದರೆ, ಜನ ನೀರಿನ ಮಟ್ಟಕ್ಕಿಂತ ಕೆಳಗೆ, ಗಾಜಿನಾಚೆ ಕುಳಿತು ಬೆರಗಾದರು. ಆ ಪ್ರದರ್ಶನ ಇಂದಿಗೂ ನಡೆಯುತ್ತಿದೆ.

ಈ ಸೆಳೆತ ಎಂಥದು? ನೀರು ದೇಹದ ಭಾರವನ್ನು ಕಳೆಯುತ್ತದೆ. ಕೂದಲು, ಸೆರಗು, ಬೆರಳು ಎಲ್ಲಕ್ಕೂ ನಿಧಾನದ ಲಯ ಬರುತ್ತದೆ. ತಣ್ಣೀರಲ್ಲಿ ಮುಖ ಮುಳುಗಿಸಿ ಉಸಿರು ಹಿಡಿದರೆ ಸಾಕು, ನಮ್ಮ ಎದೆಬಡಿತವೂ ನಿಧಾನವಾಗುತ್ತದೆ. ಸೀಲ್‌ಗಳನ್ನು ಆಳದಲ್ಲಿ ಕಾಯುವ ಪ್ರತಿಕ್ರಿಯೆಯೇ ನಮ್ಮಲ್ಲೂ ಉಳಿದಿದೆ! ಕೆಲವರಲ್ಲಿ ಈ ಮೋಹ ಕಾಮನೆಯಾಗಿಯೂ ಅರಳುತ್ತದೆ. ಅದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ. ತೇಲುವ ದೇಹದ ಚೆಲುವು, ಉಸಿರು ಮುಗಿಯುವುದರೊಳಗೆ ಮುಗಿಯಬೇಕಾದ ಆ ಗಳಿಗೆ, ಎರಡೂ ಕೂಡಿದಲ್ಲಿ ಮನಸ್ಸು ಸೋಲದೆ ಇರುವುದಾದರೂ ಹೇಗೆ?

ಮೊಝರ್ಟ್ 2015ರಲ್ಲಿ ತೀರಿಕೊಂಡರು. ಸಿಲ್ವರ್ ಸ್ಪ್ರಿಂಗ್ಸ್ ಈಗ ಸರ್ಕಾರಿ ಉದ್ಯಾನ. ಗಾಜುತಳದ ದೋಣಿಗಳು ಅಲ್ಲಿ ಈಗಲೂ ಓಡಾಡುತ್ತವೆ. ಅವರ ಚಿತ್ರಗಳನ್ನು ಒಮ್ಮೆ ಹುಡುಕಿ ನೋಡಿ. ಗುಟ್ಟು ತಿಳಿದ ಮೇಲೂ ಬೆರಗು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.