ನಿಮಗಿದು ಗೊತ್ತೆ? ಸುಳ್ಳು ಹೇಳಲೂ ಕಲಿಯಬೇಕು!

ಮಗುವಿನ ಬೆನ್ನ ಹಿಂದೆ ಒಂದು ಆಟಿಕೆ. ‘ನಾನು ಬರುವವರೆಗೆ ತಿರುಗಿ ನೋಡಬೇಡ’ ಎಂದು ಹೇಳಿ ದೊಡ್ಡವರು ಹೊರಗೆ ಹೋಗುತ್ತಾರೆ. ಗುಟ್ಟಾಗಿ ಇಟ್ಟ ಕ್ಯಾಮೆರಾ ಎಲ್ಲವನ್ನೂ ನೋಡುತ್ತಿರುತ್ತದೆ. ಮನೋವಿಜ್ಞಾನಿಗಳಾದ ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ 2002ರಲ್ಲಿ ಪ್ರಕಟಿಸಿದ ಪ್ರಯೋಗವಿದು. 3ರಿಂದ 7 ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಇಣುಕಿದರು. ‘ನೋಡಿದೆಯಾ?’ ಎಂದಾಗ ತೀರಾ ಚಿಕ್ಕವರಲ್ಲಿ ಹಲವರು ಒಪ್ಪಿಕೊಂಡರು. ದೊಡ್ಡ ಮಕ್ಕಳಲ್ಲಿ ಬಹುಪಾಲು ಇಲ್ಲವೆಂದರು.

ಸುಳ್ಳು ಶುರುಮಾಡುವುದು ಸುಲಭ, ನಿಭಾಯಿಸುವುದೇ ಕಷ್ಟ. ‘ಹಾಗಾದರೆ ಅದು ಏನಿರಬಹುದು?’ ಎಂದು ಕೇಳಿದ್ದೇ ತಡ, ಚಿಕ್ಕವರು ಆಟಿಕೆಯ ಹೆಸರನ್ನೇ ಹೇಳಿ ಸಿಕ್ಕಿಬಿದ್ದರು. 6–7 ವರ್ಷದವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಏನೂ ಗೊತ್ತಿಲ್ಲದವರಂತೆ ನಟಿಸಿದರು. ಲೀ ಹೇಳುವ ಒಂದು ಪ್ರಸಂಗವಂತೂ ಸೊಗಸು. ಇಣುಕಿಲ್ಲ ಎಂದ ಪುಟ್ಟ ಹುಡುಗಿಯೊಬ್ಬಳು ಆಟಿಕೆಗೆ ಮುಚ್ಚಿದ್ದ ಬಟ್ಟೆಯಡಿ ಕೈಹಾಕಿ, ಮುಟ್ಟಿದರೆ ನೇರಳೆ ಬಣ್ಣದ್ದು ಅನಿಸುತ್ತದೆ, ಹಾಗಾಗಿ ಇದು ಬಾರ್ನಿ (ಟಿ.ವಿ.ಯ ನೇರಳೆ ಡೈನೋಸಾರ್) ಎಂದಳಂತೆ. ಈ ತರ್ಕಕ್ಕೆ ಅಂಕ ಕೊಡಲೇಬೇಕು!

ಎದುರಿನವರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬ ಅಂದಾಜು. ಬಾಯಿಗೆ ಬಂದ ನಿಜವನ್ನು ತಡೆಯುವ ಹಿಡಿತ. ನಂಬುವಂಥ ಕಥೆ ಕಟ್ಟಲು ಎರಡೂ ಬೇಕು.

ನಿಜವನ್ನೇ ಹೇಳುತ್ತೇನೆಂದು ಮೊದಲೇ ಮಾತು ಪಡೆದರೆ ಮಕ್ಕಳ ಸುಳ್ಳು ಕಡಿಮೆಯಾಗುತ್ತದೆ ಎಂಬುದೂ ಇಂಥ ಪ್ರಯೋಗಗಳಲ್ಲಿ ಕಂಡಿದೆ. 2006ರಿಂದ ಕೆನಡಾದ ನ್ಯಾಯಾಲಯಗಳಲ್ಲಿ 14 ವರ್ಷದೊಳಗಿನ ಸಾಕ್ಷಿಗಳು ಪ್ರಮಾಣವಚನದ ಬದಲು ಹಾಗೆ ಮಾತು ಕೊಟ್ಟರೆ ಸಾಕು. ನಮ್ಮ 1969ರ ಪ್ರಮಾಣ ಕಾಯ್ದೆಯಲ್ಲೂ ಸಡಿಲಿಕೆಯಿದೆ: 12 ವರ್ಷದೊಳಗಿನ ಮಗುವಿಗೆ ನಿಜ ಹೇಳಬೇಕೆಂಬುದು ತಿಳಿದಿದ್ದು, ಪ್ರಮಾಣದ ಅರ್ಥ ತಿಳಿಯದಿದ್ದರೆ, ಪ್ರಮಾಣವಿಲ್ಲದೆಯೇ ಸಾಕ್ಷ್ಯ ಪಡೆಯಬಹುದು.