ದ್ವೇಷಕ್ಕೂ ಒಂದು ಇಸವಿಯಿದೆ

ಬಿಳಿಯರು ಕರಿಯರನ್ನು ಕೀಳಾಗಿ ಕಂಡರು, ಆದ್ದರಿಂದ ಗುಲಾಮರನ್ನಾಗಿ ಮಾಡಿಕೊಂಡರು ಎಂದು ನಾವು ನಂಬಿದ್ದೇವೆ. ಅಮೆರಿಕದ ವರ್ಜೀನಿಯಾದ ಹಳೆಯ ಕಾನೂನುಗಳನ್ನು ಇಸವಿವಾರು ಓದಿದರೆ ಈ ನಂಬಿಕೆ ಅಲುಗುತ್ತದೆ. 1619ರಲ್ಲಿ ಇಪ್ಪತ್ತು ಚಿಲ್ಲರೆ ಆಫ್ರಿಕನ್ನರನ್ನು ಅಲ್ಲಿನ ದಡದಲ್ಲಿ ಇಳಿಸಿದಾಗ, ಅವರು ವಂಶಪಾರಂಪರ್ಯವಾಗಿ ಗುಲಾಮರು ಎನ್ನುವ ಕಾನೂನು ಅಲ್ಲಿರಲಿಲ್ಲ. ತಂಬಾಕಿನ ಹೊಲಗಳಲ್ಲಿ ಕರಾರಿಗೆ ಕಟ್ಟುಬಿದ್ದ ಬಡ ಇಂಗ್ಲಿಷರೂ ದುಡಿಯುತ್ತಿದ್ದರು. 1640ರಲ್ಲಿ ಮೂವರು ಆಳುಗಳು ಒಟ್ಟಿಗೆ ಓಡಿಹೋಗಿ ಸಿಕ್ಕಿಬಿದ್ದರು. ಇಬ್ಬರು ಬಿಳಿಯರ ದುಡಿಮೆ ನಾಲ್ಕು ವರ್ಷ ಹೆಚ್ಚಿತು. ಜಾನ್ ಪಂಚ್ ಎಂಬ ಆಫ್ರಿಕನ್ನನಿಗೆ ಜೀವಮಾನವಿಡೀ ದುಡಿಯುವ ಶಿಕ್ಷೆಯಾಯಿತು. 1662ರ ಕಾನೂನು ಮಗುವಿಗೆ ತಾಯಿಯ ಸ್ಥಿತಿಯನ್ನೇ ವಿಧಿಸಿತು. ಇಂಗ್ಲಿಷರಲ್ಲಿ ಮಗು ತಂದೆಯ ಅಂತಸ್ತನ್ನು ಪಡೆಯುವುದು ರೂಢಿ. ಅದನ್ನು ತಲೆಕೆಳಗು ಮಾಡಿದ್ದರಿಂದ ಗುಲಾಮ ಹೆಣ್ಣಿನಲ್ಲಿ ತನಗೇ ಹುಟ್ಟಿದ ಮಗುವೂ ಒಡೆಯನ ಆಸ್ತಿಯಾಯಿತು. ಕ್ರೈಸ್ತರಾದರೂ ಬಿಡುಗಡೆಯಿಲ್ಲ ಎಂದಿತು 1667ರ ಕಾನೂನು. 1676ರಲ್ಲಿ ವರ್ಜೀನಿಯಾದಲ್ಲಿ ನಡೆದ ಬಂಡಾಯದಲ್ಲಿ ಬಡ ಬಿಳಿಯರೂ ಕರಿಯರೂ ಜೊತೆಯಾಗಿ ಆಯುಧ ಹಿಡಿದಿದ್ದರು. 1691ರಲ್ಲಿ ಬಿಳಿಯರು ಮತ್ತು ಕರಿಯರ ನಡುವಿನ ಮದುವೆಗೂ ತಡೆ ಬಿತ್ತು. ಲಾಭ ಮೊದಲು ಬಂತು, ಕಾನೂನು ಅದನ್ನು ಕಾಯಿತು, ತಿರಸ್ಕಾರ ಅದಕ್ಕೆ ಸಮರ್ಥನೆಯಾಗಿ ಬೆಳೆಯಿತು.

ಈ ಅನುಕ್ರಮ ತರಗತಿಗೆ ತಲುಪಲು ಬಹುಕಾಲ ಹಿಡಿಯಿತು. ಗುಲಾಮಗಿರಿಯಿಂದ ಬಿಡುಗಡೆಯಾದ ದಂಪತಿಯ ಮಗ ಕಾರ್ಟರ್ ವುಡ್ಸನ್ ಕಲ್ಲಿದ್ದಲ ಗಣಿಯಲ್ಲಿ ದುಡಿದು, ಇಪ್ಪತ್ತರ ವಯಸ್ಸಿನಲ್ಲಿ ಹೈಸ್ಕೂಲು ಸೇರಿ, 1912ರಲ್ಲಿ ಹಾರ್ವರ್ಡಿನಿಂದ ಡಾಕ್ಟರೇಟ್ ಪಡೆದರು. ಕರಿಯರಿಗೆ ಚರಿತ್ರೆಯೇ ಇಲ್ಲವೆಂಬಂತೆ ಬರೆದ ಪಠ್ಯಗಳು ಬಿಳಿಯ ಮಗುವಿಗೆ ಅಹಂಕಾರವನ್ನೂ ಕರಿಯ ಮಗುವಿಗೆ ಕೀಳರಿಮೆಯನ್ನೂ ಕಲಿಸುತ್ತವೆ ಎಂದು ಅವರು ಕಂಡುಕೊಂಡರು. 1926ರ ಫೆಬ್ರುವರಿಯಲ್ಲಿ ಅವರು ಆರಂಭಿಸಿದ ಕರಿಯರ ಚರಿತ್ರೆಯ ವಾರವೇ 1976ರ ಹೊತ್ತಿಗೆ ಇಡೀ ತಿಂಗಳಿನ ಆಚರಣೆಯಾಯಿತು.

ಇಂಥ ಪಾಠ ಬಿಳಿಯ ಮಕ್ಕಳಲ್ಲಿ ಪಾಪಪ್ರಜ್ಞೆ ತುಂಬುತ್ತದೆ ಎಂಬ ಆಕ್ಷೇಪವಿದೆ. ಆದರೆ ದ್ವೇಷ ಹುಟ್ಟುಗುಣವಲ್ಲ, ಯಾರೋ ಯಾವುದೋ ಇಸವಿಯಲ್ಲಿ ಕೈಗೊಂಡ ತೀರ್ಮಾನ ಎಂದು ತೋರಿಸುವ ಪಾಠ ಆ ಮಗುವಿನ ಮೇಲೆ ಹೊರೆ ಹೊರಿಸುವುದಿಲ್ಲ. 1662ರ ಕಾನೂನಿಗೆ ಆ ಮಗು ಉತ್ತರ ಕೊಡಬೇಕಿಲ್ಲ, ಅದನ್ನು ತಿಳಿದಿದ್ದರೆ ಸಾಕು. ಪಾಠದಿಂದ ಕೂಲಿ ಹೆಚ್ಚುತ್ತದೆಯೇ, ಮನೆ ಸಿಗುತ್ತದೆಯೇ ಎಂಬ ಎರಡನೆಯ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಪಾಠವೊಂದೇ ಸಾಲದು, ನಿಜ. ಆದರೆ ತಲೆಮಾರುಗಟ್ಟಲೆ ಕೂಲಿಯಿಲ್ಲದೆ ದುಡಿದವರ ಚರಿತ್ರೆ ಗೊತ್ತಿಲ್ಲದ ಸಮಾಜ, ಅವರ ಮಕ್ಕಳ ಬಡತನಕ್ಕೆ ಅವರ ಸ್ವಭಾವವನ್ನೇ ದೂರುತ್ತದೆ; ಹಾಗೆ ದೂರುವ ಸಮಾಜ ನ್ಯಾಯದ ಕಾನೂನನ್ನು ಬಯಸುವುದಿಲ್ಲ. ಕಲಿಕೆಯ ಬಲ ಗುಲಾಮಗಿರಿಯನ್ನು ಕಾಪಾಡಿದವರಿಗೆ ಚೆನ್ನಾಗಿ ಗೊತ್ತಿತ್ತು. ಕರಿಯರಿಗೆ ಓದುಬರಹ ಕಲಿಸುವ ಕೂಟಗಳನ್ನು 1831ರಲ್ಲಿ ವರ್ಜೀನಿಯಾ ನಿಷೇಧಿಸಿದ್ದು ಅದಕ್ಕೇ.

ಕನ್ನಡಿಗರಿಗೂ ಇದು ದೂರದ ಮಾತಲ್ಲ. ಹಳಿಯಾಳ, ಯಲ್ಲಾಪುರದ ಸಿದ್ದಿಗಳ ಪೂರ್ವಿಕರಲ್ಲಿ ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದವರಿದ್ದರು. ಅವರ ಮಕ್ಕಳನ್ನು ಯಾವ ದೇಶದವರೆಂದು ಕೇಳುವ ಮೊದಲು, ಅವರನ್ನು ಇಲ್ಲಿಗೆ ತಂದ ಚರಿತ್ರೆಯನ್ನು ನಮ್ಮ ಮಕ್ಕಳು ಓದಿರಬೇಕು.