ಕಿಟಕಿಗೆ ಗಾಜು ಮೊದಲೋ, ನೆರಳು ಮೊದಲೋ?

ಏಪ್ರಿಲ್ ಬಂತೆಂದರೆ ಕಾಪುವಿನಿಂದ ಕಾರ್ಕಳದವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಎಂತ ಸೆಕೆ ಮಾರಾಯ್ರೆ!" ಹೊಸ ಮನೆ ಕಟ್ಟಿಸುವವರು ಈಗ ಕೇಳುವ ಪ್ರಶ್ನೆಯೂ ಈ ಸೆಕೆಯಿಂದಲೇ ಹುಟ್ಟಿದ್ದು: "ಕಿಟಕಿಗೆ ಎರಡು ಪದರದ ಗಾಜು ಹಾಕಿಸಿದರೆ ಮನೆ ತಂಪಾಗ್ತದಾ?" ಸಾಲ ಮಾಡಿ ಕಟ್ಟಿದ ಮನೆಯಲ್ಲಿ ಒಮ್ಮೆ ಕೂರಿಸಿದ ಕಿಟಕಿಯನ್ನು ಕಿತ್ತು ಬದಲಾಯಿಸುವವರು ಕಡಿಮೆ. ಹಾಗಾಗಿ ಲೆಕ್ಕವನ್ನು ಮೊದಲೇ ಹಾಕಿಬಿಡೋಣ.

ಬಿಸಿ ಬರುವ ಎರಡು ದಾರಿ

ಕಿಟಕಿಯಿಂದ ಬಿಸಿ ಎರಡು ರೀತಿಯಲ್ಲಿ ಒಳಗೆ ಬರುತ್ತದೆ. ಒಂದು, ಹೊರಗಿನ ಗಾಳಿ ಒಳಗಿಗಿಂತ ಬಿಸಿಯಿದ್ದಾಗ ಗಾಜಿನ ಮೂಲಕ ಹರಿದು ಬರುವುದು. ಇದನ್ನು ಅಳೆಯುವುದು ಯು-ವ್ಯಾಲ್ಯೂ. ಒಂಟಿ ಗಾಜಿಗೆ ಇದು ಸುಮಾರು 5.7, ಎರಡು ಪದರದ್ದಕ್ಕೆ ಸುಮಾರು 2.8. ಇನ್ನೊಂದು, ಬಿಸಿಲೇ ನೇರವಾಗಿ ಒಳಗೆ ಬರುವುದು. ಇದರ ಅಳತೆ ಎಸ್‌ಎಚ್‌ಜಿಸಿ. ಸಾದಾ ಗಾಜಿಗೆ ಇದು ಸುಮಾರು 0.8. ಅಂದರೆ ಗಾಜಿಗೆ ಬಿದ್ದ ಬಿಸಿಲಿನ ಶಾಖದಲ್ಲಿ ನೂರಕ್ಕೆ ಎಂಬತ್ತು ಪಾಲು ಕೋಣೆಗೆ ಸೇರುತ್ತದೆ.

ಮಣಿಪಾಲದಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಒಂದು ಕೋಣೆ ಇದೆ ಅಂತ ಇಟ್ಟುಕೊಳ್ಳಿ. ಕಿಟಕಿ ನಾಲ್ಕಡಿಗೆ ನಾಲ್ಕಡಿ, ಸುಮಾರು 1.5 ಚದರ ಮೀಟರ್. ಸಂಜೆಯ ಬಿಸಿಲು ಚದರ ಮೀಟರಿಗೆ 500 ವಾಟ್. ಹೊರಗೆ 33 ಡಿಗ್ರಿ, ಒಳಗೆ ಏಸಿ ಹಾಕಿ 26 ಡಿಗ್ರಿ.

ಒಂಟಿ ಗಾಜಾದರೆ ಬಿಸಿಲಿನಿಂದ 600 ವಾಟ್, ಗಾಳಿಯ ಬಿಸಿಯಿಂದ 60 ವಾಟ್, ಒಟ್ಟು 660. ಎರಡು ಪದರದ ಸಾದಾ ಗಾಜಿನ ಎಸ್‌ಎಚ್‌ಜಿಸಿ ಸುಮಾರು 0.7. ಅದನ್ನು ಹಾಕಿದರೆ 525 ಮತ್ತು 30, ಒಟ್ಟು 555. ಅದೇ ಒಂಟಿ ಗಾಜನ್ನು ಉಳಿಸಿಕೊಂಡು, ಮುಕ್ಕಾಲು ಪಾಲು ಬಿಸಿಲನ್ನು ಹೊರಗೇ ತಡೆದರೆ? 150 ಮತ್ತು 60, ಒಟ್ಟು 210 ವಾಟ್ ಅಷ್ಟೇ!

ಚಳಿ ದೇಶಗಳ ಲೆಕ್ಕ ಬೇರೆ. ಅಲ್ಲಿ ಹೊರಗೆ ಮೈನಸ್ 10, ಒಳಗೆ 20 ಇದ್ದರೆ ವ್ಯತ್ಯಾಸ 30 ಡಿಗ್ರಿ. ಒಳಗಿನ ಬಿಸಿ ಹೊರಗೆ ಹೋಗದಂತೆ ಕಾಯುವುದೇ ಅಲ್ಲಿ ಕಿಟಕಿಯ ಕೆಲಸ. ನಮ್ಮಲ್ಲಿ ಏಸಿ ಇಲ್ಲದ ಮನೆಗೆ ಒಳಗೂ ಹೊರಗೂ ಹೆಚ್ಚು ಕಡಿಮೆ ಒಂದೇ ಬಿಸಿ. ಎರಡನೇ ಪದರಕ್ಕೆ ಕೊಟ್ಟ ದುಡ್ಡಿಗೆ ಅಲ್ಲಿ ಹೆಚ್ಚು ಕೆಲಸವೇ ಇಲ್ಲ.

ಯಾವ ದಿಕ್ಕಿಗೆ ಯಾವ ನೆರಳು?

ಮಧ್ಯಾಹ್ನದ ಸೂರ್ಯ ನಮ್ಮ ಊರಲ್ಲಿ ಡಿಸೆಂಬರಿನಲ್ಲೂ ದಕ್ಷಿಣದಲ್ಲಿ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಎರಡಡಿಯ ಸನ್‌ಶೇಡ್ ದಕ್ಷಿಣದ ಕಿಟಕಿಗೆ ಎರಡೂವರೆ ಅಡಿಗೂ ಹೆಚ್ಚು ನೆರಳು ಕೊಡ್ತದೆ. ಆದರೆ ಪಶ್ಚಿಮದಲ್ಲಿ ಕಥೆ ಬೇರೆ. ಏಪ್ರಿಲ್ ಸಂಜೆ ಐದಕ್ಕೆ ಸೂರ್ಯನ ಎತ್ತರ ಬರೀ 25 ಡಿಗ್ರಿ ಆಸುಪಾಸು. ಅದೇ ಸನ್‌ಶೇಡಿನ ನೆರಳು ಒಂದಡಿಯೂ ಇಳಿಯುವುದಿಲ್ಲ. ಅಲ್ಲಿ ಬೇಕಾದ್ದು ಆಳವಾದ ಜಗಲಿ, ಮರ, ಅಥವಾ ಕಿಟಕಿಯ ಹೊರಗೆ ಇಳಿಬಿಡುವ ಬಿದಿರಿನ ಪರದೆ. ಒಳಗಿನ ಕರ್ಟನ್ ಅಷ್ಟು ಉಪಯೋಗಕ್ಕಿಲ್ಲ. ಬಿಸಿಲು ಆಗಲೇ ಗಾಜು ದಾಟಿ ಒಳಗೆ ಬಂದಾಗಿರುತ್ತದೆ.

ನಮ್ಮ ಹಳೆಯ ಹೆಂಚಿನ ಮನೆಗಳ ಇಳಿಜಾರು ಮಾಡು ಗೋಡೆಯಿಂದ ಅಷ್ಟು ಮುಂದೆ ಚಾಚಿಕೊಂಡದ್ದು ಮಳೆಗೆ ಮಾತ್ರ ಅಲ್ಲ, ಈ ಬಿಸಿಲಿಗೂ ಹೌದು.

ಗಾಳಿ ಎಷ್ಟು ತೆರೆಯುತ್ತದೆ?

ಕರಾವಳಿಯ ಸೆಕೆ ಅಂದರೆ ಬಿಸಿ ಮಾತ್ರ ಅಲ್ಲ, ಬೆವರು ಆರದ ತೇವ. ಅದಕ್ಕೆ ಗಾಳಿ ಆಡಬೇಕು. ಕೇಂದ್ರ ಸರಕಾರದ ಬಿಇಇ ಸಂಸ್ಥೆ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತಾ, ನಮ್ಮಂಥ ಸೆಕೆ ಪ್ರದೇಶದ ಮನೆಗಳಲ್ಲಿ ತೆರೆಯಬಹುದಾದ ಭಾಗ ನೆಲದ ವಿಸ್ತೀರ್ಣದ 16.66 ಶೇಕಡಾ, ಅಂದರೆ ಆರರಲ್ಲಿ ಒಂದು ಪಾಲು ಇರಬೇಕು ಎನ್ನುತ್ತದೆ. ಈ ಲೆಕ್ಕ ಇಡೀ ಮನೆಗೆ. ಒಂದು ಕೋಣೆಗೆ ಅಂದಾಜು ಮಾಡಿದರೆ, 120 ಚದರಡಿಗೆ 20 ಚದರಡಿ ತೆರೆಯಬೇಕು. ಎರಡು ಬಾಗಿಲ ಸ್ಲೈಡಿಂಗ್ ಕಿಟಕಿ ತೆರೆಯುವುದು ಅರ್ಧ ಮಾತ್ರ. ಕೀಲಿನ ಮೇಲೆ ಪೂರ್ತಿ ತೆರೆಯುವ ಕಿಟಕಿಯಾದರೆ ಸುಮಾರು 90 ಶೇಕಡಾ ಸಿಗುತ್ತದೆ. ಎದುರು ಗೋಡೆಯಲ್ಲೂ ಒಂದು ಕಿಟಕಿ ಇದ್ದರೆ ಗಾಳಿ ದಾಟಿ ಹೋಗ್ತದೆ.

ಹಾಗಾದರೆ ಒಳ್ಳೆಯ ಗಾಜು ಬೇಡವೇ?

ಬೇಕಾಗುವ ಜಾಗವೂ ಇದೆ. ಸಮುದ್ರ ಕಾಣಬೇಕೆಂದು ಪಶ್ಚಿಮಕ್ಕೆ ದೊಡ್ಡ ಗಾಜಿಟ್ಟ ಎತ್ತರದ ಫ್ಲ್ಯಾಟ್, ಹೊರಗೆ ಏನೂ ಕಟ್ಟುವಂತಿಲ್ಲ, ದಿನವೂ ಏಸಿ ಓಡುತ್ತದೆ ಎಂದಾದರೆ ಬಿಸಿಲು ತಡೆಯುವ ಲೋ-ಇ ಗಾಜಿನಿಂದ ಲಾಭವಿದೆ. ಎಸ್‌ಎಚ್‌ಜಿಸಿ 0.3 ಇದ್ದರೆ ನಮ್ಮ ಲೆಕ್ಕದ 600 ವಾಟ್ 225ಕ್ಕೆ ಇಳಿಯುತ್ತದೆ. ಆದರೆ ಕಿಟಕಿ ತೆರೆದಿಟ್ಟರೆ ಈ ಗಾಜಿನ ಕೆಲಸ ಅಲ್ಲಿಗೆ ಮುಗಿಯಿತು.

ಕಾಪುವಿನಂತೆ ಕಡಲ ಪಕ್ಕದಲ್ಲಿದ್ದರೆ ಕೀಲು, ಸ್ಕ್ರೂಗಳನ್ನೂ ನೋಡಿ. ಉಪ್ಪುಗಾಳಿಗೆ ಸಾದಾ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ತೆರೆಯಲಾಗದ ಕಿಟಕಿ ಎಷ್ಟು ದುಬಾರಿಯಾದರೂ ಪ್ರಯೋಜನವಿಲ್ಲ.

ಇನ್ನು ಕಂಟ್ರಾಕ್ಟರ್ ಬಳಿ ಮಾತಾಡುವಾಗ ಪ್ರಶ್ನೆಗಳನ್ನು ಈ ಕ್ರಮದಲ್ಲಿ ಕೇಳಿ: ಕಿಟಕಿ ಯಾವ ದಿಕ್ಕಿಗಿದೆ? ಹೊರಗೆ ನೆರಳು ಏನಿದೆ? ಎಷ್ಟು ತೆರೆಯುತ್ತದೆ? ಗಾಜಿನ ಎಸ್‌ಎಚ್‌ಜಿಸಿ ಎಷ್ಟು? ಎಷ್ಟು ಪದರ ಎಂಬುದನ್ನು ಕೊನೆಗೆ ಕೇಳಿದರೆ ಸಾಕು. ಬಾಡಿಗೆ ಮನೆಯಲ್ಲಿರುವವರು ಮಾಲಕರನ್ನು ಕೇಳಿ, ಪಶ್ಚಿಮದ ಬಾಲ್ಕನಿಗೆ ಒಂದು ಬಿದಿರಿನ ಪರದೆ ಕಟ್ಟಿ ನೋಡಬಹುದು.